ಫೋರ್ಟ್ ಮೈಯರ್ಸ್ ಕಡೆಗೆ ಬರುವ ತಂಗಿಗೆ: ಇಯಾನ್ ಒಯ್ದ ನಮ್ಮ ದೋಣಿಯ ವಿಷಯ

ತಂಗಿ,

ನಿನ್ನ ಪತ್ರ ಬಂತು. ಉಪ್ಪುಂದದವಳು ಅಂದ ಮೇಲೆ ಗಂಗೊಳ್ಳಿಯವಳಾದ ನನಗೆ ನೀನು ಪಕ್ಕದ ಮನೆಯವಳೇ. ಅದಕ್ಕೇ ‘ನೀನು’ ಅಂತಲೇ ಬರೆಯುತ್ತಿದ್ದೇನೆ. ಗಂಡನಿಗೆ ಫ್ಲಾರಿಡಾದಲ್ಲಿ, ಫೋರ್ಟ್ ಮೈಯರ್ಸ್ ಪಕ್ಕದ ಕೇಪ್ ಕೋರಲ್‌ನಲ್ಲಿ ಕೆಲಸ ಸಿಕ್ಕಿದೆ, ಹಿತ್ತಲಿಗೇ ಕಾಲುವೆ ಬರುವ ಮನೆಗಳ ಫೋಟೋ ನೋಡಿ ಇಬ್ಬರಿಗೂ ಆಸೆಯಾಗಿದೆ ಅಂತ ಬರೆದಿದ್ದೀ. ಜೊತೆಗೆ ಭಯವೂ ಇದೆ. ಇಯಾನ್ ಚಂಡಮಾರುತದಲ್ಲಿ ನಮ್ಮ ದೋಣಿ ಹೋದದ್ದನ್ನು ಯಾರೋ ಹೇಳಿದರಂತೆ. ಅಂಥ ಊರಿನಲ್ಲಿ ಸಂಸಾರ ಮಾಡುವುದು ಹೇಗಕ್ಕಾ, ಅಲ್ಲಿ ದೋಣಿ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆಯಾ ಅಂತ ಕೇಳಿದ್ದೀ.

ಧೈರ್ಯವಾಗಿ ಬನ್ನಿ. ಮನಸ್ಸಿದ್ದರೆ ದೋಣಿಯನ್ನೂ ಕೊಳ್ಳಿ. ಆದರೆ ಬಿಟ್ಟು ಹೊರಡುವ ದಿನ ಏನೇನನ್ನು ಬಿಟ್ಟು ಹೋಗುತ್ತೀರಿ ಅನ್ನುವುದನ್ನು ಗಂಡ ಹೆಂಡತಿ ಕೂತು, ಚಂಡಮಾರುತದ ಕಾಲ ಶುರುವಾಗುವ ಮುಂಚೆ, ಮೇ ತಿಂಗಳಲ್ಲೇ ಮಾತಾಡಿ ಮುಗಿಸಿರಬೇಕು. ಗಾಳಿ ಎದ್ದ ಮೇಲೆ ಆ ಮಾತಿಗೆ ಪುರುಸೊತ್ತು ಇರುವುದಿಲ್ಲ.

ನಮ್ಮದು 22 ಅಡಿಯ ಫೈಬರ್ ದೋಣಿ, ಹಿಂದೆ ಒಂದು ಯಮಹಾ ಔಟ್‌ಬೋರ್ಡ್ ಎಂಜಿನ್. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ‘ಸೌಪರ್ಣಿಕಾ’ ಅಂತ ಹೆಸರಿಟ್ಟಿದ್ದೆವು. ಅಪ್ಪ ನಾಡದೋಣಿಯಲ್ಲಿ ಬೀಡುಬಲೆ ಹಾಕುತ್ತಿದ್ದವರು. ಅವರ ದೋಣಿಗೂ ಯಮಹಾ ಎಂಜಿನ್ನೇ. ಆ ಸದ್ದಿನಲ್ಲೇ ಬೆಳೆದರೂ ಊರಿನಲ್ಲಿ ನಾನು ಒಂದು ದಿನವೂ ದೋಣಿ ನಡೆಸಿದವಳಲ್ಲ. ದಡಕ್ಕೆ ಬಂದ ಮೀನನ್ನು ಬುಟ್ಟಿಗೆ ಹಾಕಿ ಕುಂದಾಪುರದ ಪೇಟೆಗೆ ಹೊರುವುದು ಹೆಂಗಸರ ಕೆಲಸ, ನದಿ ಕಡಲು ಸೇರುವ ಅಳಿವೆ ದಾಟುವುದು ಗಂಡಸರದ್ದು. ಅಮ್ಮನಿಗೆ ಸಾಯುವವರೆಗೂ ಅಳಿವೆಯ ಆಚೆ ನೀರು ಹೇಗಿರುತ್ತದೆ ಅಂತ ನೋಡಲಿಕ್ಕಾಗಲಿಲ್ಲ. ಇಲ್ಲಿ ನರ್ಸ್ ಕೆಲಸಕ್ಕೆ ಬಂದು, ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆಗಳಲ್ಲಿ, ಸ್ಟಿಯರಿಂಗ್ ಹಿಡಿದು ಕಲೂಸಹ್ಯಾಚೀ ನದಿಯಿಂದ ಸ್ಯಾನ್ ಕಾರ್ಲೋಸ್ ಕೊಲ್ಲಿಗೆ ಹೋಗುತ್ತಿದ್ದವಳು ನಾನು. ಎರಡೂ ಬದಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಅದರ ಬೇರಿನ ಸಂದಿಯಲ್ಲಿ ನಮ್ಮ ಕೆಂಬೇರಿಯ ಜಾತಿಯದೇ ಮೀನು. ಈ ದೇಶ ನನ್ನದೂ ಹೌದು ಅಂತ ನನಗೆ ಮೊದಲು ಅನ್ನಿಸಿದ್ದು ಆ ನೀರಿನ ಮೇಲೆ. ಗ್ರೀನ್ ಕಾರ್ಡ್ ಕೈಗೆ ಬಂದ ದಿನ ಹಾಗೆ ಅನ್ನಿಸಿರಲಿಲ್ಲ.

ಇಯಾನ್ ಬಂದದ್ದು 2022ರ ಸೆಪ್ಟೆಂಬರ್ 28, ಬುಧವಾರ. ನವರಾತ್ರಿಯ ಮೂರನೇ ದಿನ. ಆ ವಾರದ ಶುರುವಿನಲ್ಲಿ ಎಲ್ಲರ ಕಣ್ಣು ಇದ್ದದ್ದು ಉತ್ತರದ ಟ್ಯಾಂಪಾ ಮೇಲೆ. ಚಂಡಮಾರುತ ಹಾಯಬಹುದಾದ ದಾರಿ ಅಂತ ಟಿವಿಯ ನಕ್ಷೆಯಲ್ಲಿ ತೋರಿಸುವ ಆ ಬಿಳಿ ಶಂಕುವಿನ ನಡುಗೆರೆ ಅಲ್ಲಿಗೇ ಹೋಗುತ್ತಿತ್ತು. ಶಂಕುವಿನ ಅಂಚಿನಲ್ಲಿ ನಮ್ಮ ಊರೂ ಇತ್ತು. ನಡುಗೆರೆಯನ್ನು ನೋಡಬೇಡ ತಂಗಿ, ಅಂಚನ್ನು ನೋಡು. ಚಂಡಮಾರುತದ ಕಣ್ಣು ಆ ಶಂಕುವಿನೊಳಗೆ ಎಲ್ಲಿ ಬೇಕಾದರೂ ಹಾಯಬಹುದು ಅಂತಲೇ ಅದರ ಅರ್ಥ, ಗಾಳಿ ಮತ್ತು ನೀರು ಅದರಾಚೆಗೂ ಬರುತ್ತವೆ. ಮಂಗಳವಾರ ಬೆಳಿಗ್ಗೆ ನಮ್ಮ ಲೀ ಕೌಂಟಿಯವರು ಜಾಗ ಖಾಲಿ ಮಾಡಲು ಆದೇಶ ಹೊರಡಿಸಿದರು. ಬುಧವಾರ ಮಧ್ಯಾಹ್ನ 3 ಗಂಟೆ ದಾಟುತ್ತಿದ್ದಂತೆ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಅದು ಕಾಯೋ ಕೋಸ್ಟಾ ದ್ವೀಪಕ್ಕೆ ಬಡಿಯಿತು.

ಹದಿನೆಂಟು ವರ್ಷ ಮುಂಚೆ, 2004ರ ಆಗಸ್ಟ್ 13ರಂದು, ಚಾರ್ಲಿ ಚಂಡಮಾರುತ ಕೂಡ ದಡ ಮುಟ್ಟಿದ್ದು ಅದೇ ದ್ವೀಪದಲ್ಲೇ, ಅಷ್ಟೇ ಗಾಳಿಯೊಂದಿಗೆ. ‘ನಾವು ಚಾರ್ಲಿಯನ್ನೇ ನೋಡಿದವರು’ ಅಂತ ಹೇಳಿ ಮನೆಯಲ್ಲೇ ಕೂತ ಹಿರಿಯರು ನಮ್ಮ ಬೀದಿಯಲ್ಲೂ ಇದ್ದರು. ಆದರೆ ಚಾರ್ಲಿ ಗಾತ್ರದಲ್ಲಿ ಚಿಕ್ಕದು, ಬಂದಷ್ಟೇ ಬೇಗ ದಾಟಿಹೋಗಿತ್ತು. ಇಯಾನ್ ಅಗಲವಾಗಿತ್ತು, ನಿಧಾನವಾಗಿತ್ತು, ಕಡಲನ್ನೇ ತಳ್ಳಿಕೊಂಡು ಬಂತು. ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೆಲದಿಂದ 10ರಿಂದ 15 ಅಡಿ ನೀರು. ಅಮೆರಿಕದಲ್ಲಿ ಸತ್ತವರು 150ಕ್ಕೂ ಹೆಚ್ಚು, ಅದರಲ್ಲಿ ನಮ್ಮ ಕೌಂಟಿಯವರೇ ಬಹಳ ಮಂದಿ. ತುಫಾನನ್ನು ಗಾಳಿಯ ಲೆಕ್ಕದಲ್ಲಿ ಅಳೆಯುವ ಅಭ್ಯಾಸ ಜನರಿಗೆ. ಜೀವ ತೆಗೆಯುವುದು ನೀರು.

ಈ ನೀರು ಬರುವ ಬಗೆಯನ್ನು ಕರಾವಳಿಯವಳಾದ ನೀನು ಬೇಗ ಹಿಡಿಯುತ್ತೀ. ಈ ಗೋಳಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ದಕ್ಷಿಣದಿಂದ ಬಂದು ನಮ್ಮ ದಡ ಹತ್ತುವಾಗ ಅದರ ಕಣ್ಣಿನ ಎಡಕ್ಕೆ ಇರುವ ಊರಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಬಲಕ್ಕೆ ಇರುವ ಊರಿನಲ್ಲಿ ಕಡಲಿನಿಂದ ನೆಲಕ್ಕೆ. ಆ ದಿನ ಟ್ಯಾಂಪಾ ಕೊಲ್ಲಿಯ ನೀರು ಹಿಂದೆ ಸರಿದು ಕೆಸರಿನ ತಳ ಕಂಡಿತ್ತು, ಜನ ಅದರ ಮೇಲೆ ನಡೆದಾಡಿದರು. ನಾವು ಬಲಕ್ಕೆ ಇದ್ದೆವು.

ದೋಣಿಯನ್ನು ಸೋಮವಾರವೇ ಕಟ್ಟಿದ್ದೆವು. ದೋಣಿಗಳನ್ನು ಮೇಲೆತ್ತಿ ನೆಲದಲ್ಲಿ ಇಡುವ ಯಾರ್ಡುಗಳೆಲ್ಲ ಅಷ್ಟರಲ್ಲಿ ಭರ್ತಿಯಾಗಿದ್ದವು. ನಾವು ಬಾಡಿಗೆಗೆ ಹಿಡಿದಿದ್ದ ಜಾಗದಲ್ಲೇ, ಕಾಲುವೆಯ ಒಳಮೂಲೆಯಲ್ಲಿ, ನಾಲ್ಕು ಕಂಬಗಳಿಗೆ ಜೋಡಿ ಹಗ್ಗ. ನೀರು ಏರಿದರೆ ದೋಣಿಯೂ ಏರಲಿ ಅಂತ ಸಡಿಲ ಬಿಟ್ಟೆವು. ಹಗ್ಗ ಉಜ್ಜಿ ತುಂಡಾಗುವ ಕಡೆಗಳಿಗೆಲ್ಲ ಹಳೆಯ ನೀರಿನ ಪೈಪನ್ನು ಸೀಳಿ ಸುತ್ತಿದೆ. ಮೇಲಿನ ಬಟ್ಟೆಯ ಮಾಡು, ಜಿಪಿಎಸ್, ಫಿಶಿಂಗ್ ರಾಡುಗಳು ಮನೆಗೆ ಬಂದವು. ಒಳಗೆ ಸೇರುವ ನೀರನ್ನು ಹೊರಚೆಲ್ಲುವ ಪಂಪ್ ನಡೆಯಲಿ ಅಂತ ಬ್ಯಾಟರಿ ಮಾತ್ರ ಅಲ್ಲೇ ಬಿಟ್ಟೆವು. ಗಂಟು ಹಾಕಿದ್ದು ನಾನೇ. ಅಪ್ಪ ಕಲಿಸಿದ ಗಂಟು.

ಇಲ್ಲಿಯ ಆಸ್ಪತ್ರೆಗಳಲ್ಲಿ ನರ್ಸುಗಳನ್ನು ಎರಡು ತಂಡ ಮಾಡುತ್ತಾರೆ. ಒಂದು ತಂಡ ಚಂಡಮಾರುತ ಮುಗಿಯುವವರೆಗೂ ಒಳಗೇ ಉಳಿಯಬೇಕು, ಇನ್ನೊಂದು ಆಮೇಲೆ ಬಂದು ಅವರನ್ನು ಬಿಡಿಸಬೇಕು. ನಾನು ಎರಡನೆಯದರಲ್ಲಿದ್ದೆ. ಆದೇಶ ಬಂದ ಮಂಗಳವಾರವೇ ಮಕ್ಕಳನ್ನು ಕರೆದುಕೊಂಡು ಮಯಾಮಿ ಕಡೆಯ ಕನ್ನಡದವರ ಮನೆಗೆ ಹೊರಟೆವು. ಹೋಗುವ ದಾರಿಯಲ್ಲಿ ಒಮ್ಮೆ ಕಾಲುವೆಯ ಹತ್ತಿರ ಕಾರು ನಿಲ್ಲಿಸು ಅಂತ ಗಂಡನಿಗೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ನಿಲ್ಲಿಸಿದ್ದರೆ ಮತ್ತೊಂದು ಹಗ್ಗ ಕಟ್ಟುತ್ತಿದ್ದೆ, ಅದಾದ ಮೇಲೆ ಇನ್ನೊಂದು. ಹಾಗೆ ದೋಣಿಯ ಹತ್ತಿರ ನಿಂತೇ ಪ್ರಾಣ ಕಳೆದುಕೊಂಡವರು ಪ್ರತಿ ಚಂಡಮಾರುತದಲ್ಲೂ ಇರುತ್ತಾರೆ.

ವಾಪಸ್ ಬಂದಾಗ ಮನೆ ನಿಂತಿತ್ತು, ಕರೆಂಟಿರಲಿಲ್ಲ, ನಲ್ಲಿಯ ನೀರನ್ನು ಕುದಿಸಿ ಕುಡಿಯಬೇಕಿತ್ತು. ಕಾಲುವೆಗೆ ಹೋಗಿ ನೋಡಿದರೆ ನಮ್ಮ ಜಾಗ ಖಾಲಿ. ಕಂಬವೊಂದರಲ್ಲಿ ಹಗ್ಗ ಹಾಗೇ ಇತ್ತು. ಎಳೆದು ನೋಡಿದೆ. ಹಗ್ಗದ ತುದಿಯಲ್ಲಿ ದೋಣಿಯ ಕ್ಲೀಟ್, ಅಂದರೆ ಹಗ್ಗ ಸುತ್ತುವ ಉಕ್ಕಿನ ಕೊಂಡಿ, ಅದಕ್ಕೆ ಅಂಟಿಕೊಂಡೇ ಡೆಕ್ಕಿನ ಬಿಳಿ ಫೈಬರಿನ ಒಂದು ತುಂಡು, ಅಂಗೈ ಅಗಲದ್ದು. ನಾಲ್ಕು ಬೋಲ್ಟುಗಳೂ ಅದರಲ್ಲೇ ಇದ್ದವು. ಹಗ್ಗ ಹರಿದಿರಲಿಲ್ಲ, ಗಂಟು ಬಿಚ್ಚಿರಲಿಲ್ಲ, ಪೈಪಿನ ಸುತ್ತು ಕೂಡ ಜಾರಿರಲಿಲ್ಲ. ಕಟ್ಟಿದ ಕಡೆಯಿಂದ ದೋಣಿಯ ಮೈಯೇ ಕಿತ್ತುಬಂದಿತ್ತು. ನೀರು ಕಂಬಗಳ ತಲೆಯನ್ನೂ ದಾಟಿ ಏರಿತ್ತು ಅಂತ ಆಮೇಲೆ ಕಂಬದ ಗುರುತು ನೋಡಿ ಗೊತ್ತಾಯಿತು. ಅಷ್ಟು ನೀರಿಗೆ ಉದ್ದ ಸಾಲುವ ಹಗ್ಗ ಯಾರ ಹತ್ತಿರವೂ ಇರಲಿಲ್ಲ.

ಸೌಪರ್ಣಿಕಾ ಸಿಕ್ಕಿದ್ದು ಕೆಲವು ದಿನದ ಮೇಲೆ, ದೂರದ ಕಾಂಡ್ಲಾ ಪೊದೆಯೊಳಗೆ, ಬೇರೆಯವರ ಎರಡು ದೋಣಿಗಳ ಕೆಳಗೆ. ಬಲಗಡೆ ಮೈ ಮೂತಿಯಿಂದ ಎಂಜಿನ್‌ವರೆಗೆ ಸೀಳಿತ್ತು. ಉಪ್ಪುನೀರಲ್ಲಿ ಮುಳುಗಿದ ಎಂಜಿನ್ನನ್ನು ಕೂಡಲೇ ಎತ್ತಿ ಸಿಹಿನೀರಿನಲ್ಲಿ ತೊಳೆದು ಎಣ್ಣೆ ಹಾಕಿದರೆ ಉಳಿಸಿಕೊಳ್ಳಬಹುದು. ಅಲ್ಲಿಗೆ ಹೋಗಲು ದಾರಿಯೇ ಇಲ್ಲದಾಗ ಅದೆಲ್ಲಿಯ ಮಾತು. ವಿಮೆಯ ಸರ್ವೇಯರ್ ಬಂದು ನೋಡಿ ಪೂರ್ತಿ ನಷ್ಟ ಅಂತ ಬರೆದ.

ದೋಣಿಯ ವಿಮೆಯ ವಿಷಯದಲ್ಲಿ ಮೂರು ಮಾತು ಕೇಳಿಕೋ. ಹೋದರೆ ಇಷ್ಟು ಕೊಡುತ್ತೇವೆ ಅಂತ ಮೊದಲೇ ಒಪ್ಪಿದ ಮೊತ್ತದ ಪಾಲಿಸಿ ಒಂದು ಬಗೆ, ಆ ದಿನದ ಸವಕಲು ಬೆಲೆ ಕಟ್ಟಿ ಕೊಡುವುದು ಇನ್ನೊಂದು. ಮೊದಲನೆಯದನ್ನೇ ತೆಗೆದುಕೊಳ್ಳಿ. ಹೆಸರಿಟ್ಟ ಚಂಡಮಾರುತಕ್ಕೆ ನಿಮ್ಮ ಕೈಯಿಂದ ಹೋಗುವ ಪಾಲು ಬೇರೆಯೇ ಇರುತ್ತದೆ, ಸಾಮಾನ್ಯವಾಗಿ ಹೆಚ್ಚಿರುತ್ತದೆ. ಮುರಿದ ದೋಣಿಯನ್ನು ಎತ್ತಿ ಸಾಗಿಸುವ ಖರ್ಚು ಸೇರಿದೆಯಾ ಅಂತಲೂ ನೋಡಬೇಕು, ಯಾಕೆಂದರೆ ಆ ಅವಶೇಷದ ಜವಾಬ್ದಾರಿ ಕಾನೂನಿನ ಪ್ರಕಾರ ಮಾಲೀಕರದೇ. ಇಯಾನ್ ಆದ ಮೇಲೆ ಫ್ಲಾರಿಡಾದ ಮೀನು ಮತ್ತು ವನ್ಯಜೀವಿ ಆಯೋಗ, ಮಾಲೀಕರು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದರೆ ದೋಣಿಯನ್ನು ತಾನೇ ಪುಕ್ಕಟೆ ತೆಗೆಸುವ ವ್ಯವಸ್ಥೆ ಮಾಡಿತ್ತು. ವಿಮೆ ಇಲ್ಲದ ಎಷ್ಟೋ ಜನರನ್ನು ಅದು ಉಳಿಸಿತು.

ಹಣ ಬಂತು, ಆದರೂ ದುಃಖ ಹೋಗಲಿಲ್ಲ. ಆ ದುಃಖವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದಕ್ಕೂ ಸಂಕೋಚ, ಮನೆಯನ್ನೇ ಕಳೆದುಕೊಂಡವರು ಆಸ್ಪತ್ರೆಯಲ್ಲಿ ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದರು. ಊರಿಗೆ ಫೋನ್ ಮಾಡಿದರೆ ‘ಜೀವ ಉಳಿಯಿತಲ್ಲ, ದೋಣಿ ಏನು ಮಹಾ’ ಅನ್ನುವವರೇ ಎಲ್ಲ. ನಿಜವೇ. ಅಪ್ಪ ಮಾತ್ರ ಹಾಗೆ ಹೇಳಲಿಲ್ಲ. ಕ್ಲೀಟಿನ ಫೋಟೋ ಕಳಿಸಿದ್ದೆ. ನೋಡಿ, ‘ಗಂಟ್ ಬಿಡ್ಲಿಲ್ಯಾ?’ ಅಂತ ಕೇಳಿದರು. ಬಿಡಲಿಲ್ಲ ಅಪ್ಪಾ ಅಂದೆ. ಆಮೇಲೆ ಎಷ್ಟೋ ಹೊತ್ತು ನಮ್ಮ ಮಾತು ದೋಣಿಯದ್ದೇ. ಮೈ ಎಲ್ಲಿ ಸೀಳಿದೆ, ಎಂಜಿನ್ ಯಾವ ಕಡೆ ಬಿದ್ದಿತ್ತು, ಗಾಳಿ ಮೊದಲು ಎಲ್ಲಿಂದ ಬಂತು ಅಂತ ಒಂದೊಂದಾಗಿ ಕೇಳಿದರು. ಸತ್ತವರ ಮನೆಗೆ ಬಂದವರು ಕೊನೆಯ ದಿನದ ವಿಚಾರ ಕೇಳುವ ಹಾಗಿತ್ತು ಅದು. ನನಗೆ ಅಳು ಬಂದದ್ದು ಆಗಲೇ. ಪರದೇಶದಲ್ಲಿ ಇರುವವರಿಗೆ ಅಂಥ ಒಬ್ಬರು ಬೇಕು ತಂಗಿ. ನಿನಗೆ ನಾನಿದ್ದೇನೆ ಅಂತ ತಿಳಿದುಕೋ.

ಇನ್ನೂ ಒಂದು ಸಂಕಟವಿದೆ. ಸ್ಯಾನಿಬೆಲ್ ದ್ವೀಪಕ್ಕೆ ಹೋಗುವ ರಸ್ತೆ ಹಲವು ಕಡೆ ಕೊಚ್ಚಿಹೋಗಿತ್ತು. ಜನಸಾಮಾನ್ಯರಿಗೆ ತಾತ್ಕಾಲಿಕ ದಾರಿ ತೆರೆದದ್ದು ಅಕ್ಟೋಬರ್ 19ಕ್ಕೆ. ಆ ನಡುವೆ ದೋಣಿ ಉಳಿಸಿಕೊಂಡಿದ್ದ ಸಾಮಾನ್ಯ ಜನ ಅಲ್ಲಿಗೆ ಹೋಗಿ ಸಿಕ್ಕಿಬಿದ್ದವರನ್ನು ಕರೆತಂದರು, ನೀರು, ಔಷಧಿ ಮುಟ್ಟಿಸಿದರು. ಆ ನೀರಿನ ದಾರಿ ನನಗೆ ಕಣ್ಣುಮುಚ್ಚಿದರೂ ಗೊತ್ತು. ಸೌಪರ್ಣಿಕಾ ಇದ್ದಿದ್ದರೆ ನಾನೂ ಹೋಗುತ್ತಿದ್ದೆ ಅನ್ನುವ ಯೋಚನೆ ಇವತ್ತಿಗೂ ಚುಚ್ಚುತ್ತದೆ. ಸ್ಯಾನ್ ಕಾರ್ಲೋಸ್ ದ್ವೀಪದಲ್ಲಿ ಸಿಗಡಿ ಹಿಡಿಯುವ ದೊಡ್ಡ ದೊಡ್ಡ ಬೋಟುಗಳು ಒಂದರ ಮೇಲೊಂದು ಬಿದ್ದು ನೆಲ ಹತ್ತಿದ್ದವು. ಅದನ್ನು ನೋಡಿದಾಗ ಗಂಗೊಳ್ಳಿಯ ಬಂದರೇ ಕಣ್ಣಮುಂದೆ ಬಂತು. ನನ್ನದು ಪ್ರೀತಿಯ ದೋಣಿ, ಅವರದು ಅನ್ನದ ಬೋಟು. ತಿಂಗಳುಗಟ್ಟಲೆ ದುಡಿಮೆಯಿಲ್ಲದೆ ಆ ಜನ ಬೋಟಿನ ಪಕ್ಕದಲ್ಲೇ ಕಾದರು. ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಸಿಗಡಿಯನ್ನು ಅಂಗಡಿಯಲ್ಲಿ ಕೊಳ್ಳಬೇಡ, ಅವರ ಹತ್ತಿರವೇ ಕೊಳ್ಳು.

ಇನ್ನು ನಿಮ್ಮ ಸಂಸಾರದ ವಿಷಯ. ನಮ್ಮೂರಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ. ಇಲ್ಲಿ ಚಂಡಮಾರುತದ ಕಾಲವೂ ಜೂನ್ 1ಕ್ಕೇ ಶುರುವಾಗಿ ನವೆಂಬರ್ 30ರವರೆಗೆ ಇರುತ್ತದೆ, ಆದರೆ ದೋಣಿಗಳಿಗೆ ರಜೆ ಇಲ್ಲ. ಕೇಪ್ ಕೋರಲ್‌ನಲ್ಲಿ 600 ಕಿಲೋಮೀಟರಿಗಿಂತ ಹೆಚ್ಚು ಉದ್ದದ ಕಾಲುವೆಗಳಿವೆ. ನೋಡಲು ಚೆಂದ, ಕಡಲು ಒಳಗೆ ಬರುವುದೂ ಅವುಗಳಿಂದಲೇ. ಮೊದಲ ವರ್ಷ ಬಾಡಿಗೆ ಮನೆಯಲ್ಲಿರಿ. ಮನೆ ನೋಡುವಾಗ ಅದು ಖಾಲಿಮಾಡಿಸುವ ಯಾವ ವಲಯದಲ್ಲಿದೆ ಅಂತ ಕೇಳಿ. ಎ ಅಂದರೆ ಎಲ್ಲರಿಗಿಂತ ಮೊದಲು ಹೊರಡಬೇಕಾದ ಜಾಗ. ಮನೆಯ ವಿಮೆಯಲ್ಲಿ ನೆರೆಯ ನೀರು ಸೇರಿರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ, ಸರ್ಕಾರದ ಯೋಜನೆಯದಾದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಜಾರಿಗೆ ಬರುವುದು. ಬಾಡಿಗೆಯವರೂ ಸಾಮಾನುಗಳ ಮಟ್ಟಿಗೆ ಅದನ್ನು ತೆಗೆದುಕೊಳ್ಳಬಹುದು. ಕಾರಿಗೆ ಕಾಂಪ್ರಹೆನ್ಸಿವ್ ವಿಮೆ ಇದ್ದರೆ ಮಾತ್ರ ನೀರಿನ ನಷ್ಟ ಸಿಗುತ್ತದೆ.

ಎಚ್-1ಬಿ ಕೆಲಸದ ವೀಸಾದಲ್ಲಿ ಬರುವ ನಿಮಗೆ ಯಾರೂ ಹೇಳದ ಒಂದು ಸಂಗತಿ: ದುರಂತದ ನಂತರ ಫೆಮಾ (ಇಲ್ಲಿಯ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಕೊಡುವ ನಗದು ನೆರವು ಆ ವೀಸಾದವರಿಗೆ ಸಿಗುವುದಿಲ್ಲ. ಆಶ್ರಯ, ಊಟ, ನೀರಿನಂಥ ತುರ್ತು ಸಹಾಯ ಎಲ್ಲರಿಗೂ ಇದೆ. ಇಲ್ಲೇ ಹುಟ್ಟಿದ ಮಗು ಮನೆಯಲ್ಲಿದ್ದರೆ ಆ ಮಗುವಿನ ಪರವಾಗಿ ನೀವು ಅರ್ಜಿ ಹಾಕಬಹುದು. ಹಾಗಾಗಿ ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡೇ ಇರಿ. ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿ ಒಪ್ಪಿದ ಪತ್ರ), ಮದುವೆಯ ಸರ್ಟಿಫಿಕೇಟು ಎಲ್ಲ ನೀರು ಹೊಗದ ಒಂದು ಚೀಲದಲ್ಲಿ ಇರಲಿ.

ದೋಣಿ ಕೊಳ್ಳುವುದಾದರೆ ನಿಮ್ಮ ಕಾರು ಎಳೆಯಬಲ್ಲ ಟ್ರೇಲರ್ ಮೇಲೆ ಕೂರುವಂಥದ್ದನ್ನೇ ಕೊಳ್ಳಿ. 1988ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಅದಕ್ಕಿಂತ ದೊಡ್ಡ ಎಂಜಿನ್ ನಡೆಸಬೇಕಾದರೆ ಇಲ್ಲಿ ಸುರಕ್ಷತೆಯ ಕೋರ್ಸ್ ಮುಗಿಸಿ ಕಾರ್ಡ್ ಪಡೆಯಬೇಕು. ಆನ್‌ಲೈನ್‌ನಲ್ಲೇ ಮಾಡಬಹುದು. ಗಂಡನ ಜೊತೆ ನೀನೂ ಮಾಡು, ತಪ್ಪಿಸಬೇಡ.

ಈಗ ನಮ್ಮ ಹತ್ತಿರ 17 ಅಡಿಯ ಚಿಕ್ಕ ದೋಣಿ ಇದೆ, ಟ್ರೇಲರಿನದು. 2024ರ ಅಕ್ಟೋಬರ್ 9ರಂದು ಮಿಲ್ಟನ್ ಚಂಡಮಾರುತ ಸಿಯೆಸ್ಟಾ ಕೀ ದ್ವೀಪದ ಹತ್ತಿರ ದಡ ಹತ್ತಿತು. ಅದಕ್ಕೆ ಎರಡು ದಿನ ಮುಂಚೆಯೇ ದೋಣಿಯನ್ನು ಕಾರಿಗೆ ಸಿಕ್ಕಿಸಿ ಒಳನಾಡಿಗೆ ಎಳೆದುಕೊಂಡು ಹೋಗಿದ್ದೆವು. ಅದರ ಮೇಲೆ ನನಗೆ ಸೌಪರ್ಣಿಕಾದಷ್ಟು ಪ್ರೀತಿ ಹುಟ್ಟಿಲ್ಲ, ಹುಟ್ಟಬೇಕು ಅಂತಲೂ ಇಲ್ಲ. ಒಳ್ಳೆಯ ದೋಣಿ, ನೀರನ್ನು ಚೆನ್ನಾಗಿ ಸೀಳುತ್ತದೆ.

ಟಿಕೆಟ್ ಆದ ಮೇಲೆ ತಾರೀಖು ತಿಳಿಸು. ಡಿಸೆಂಬರಿನಲ್ಲಾದರೆ ಚಂಡಮಾರುತದ ಕಾಲವೂ ಮುಗಿದಿರುತ್ತದೆ, ಸೆಕೆಯೂ ಇರುವುದಿಲ್ಲ. ಪುಂಟಾ ರಾಸ್ಸಾದಲ್ಲಿ ದೋಣಿ ಇಳಿಸಿ ಸ್ಯಾನಿಬೆಲ್ ಕಡೆಗೆ ಹೋಗೋಣ, ಸ್ಟಿಯರಿಂಗ್ ನಿನ್ನ ಕೈಗೆ ಕೊಡುತ್ತೇನೆ. ಬರುವಾಗ ಹೊರೆ ಹೊತ್ತು ತರಬೇಡ, ಕೊಬ್ಬರಿ ಎಣ್ಣೆ ಇಲ್ಲೇ ಸಿಗುತ್ತದೆ.

ನಿನ್ನ ಅಕ್ಕ