ಹಸಿರು ವಾಂತಿಯಾದರೆ ಪತ್ರ ಬರೆಯಬೇಡಿ, ಹೊರಡಿ

ಪ್ರಶ್ನೆ: ಐದು ದಿನದ ಕೂಸು. ನಿನ್ನೆವರೆಗೂ ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಇಂದು ಎರಡು ಸಲ ಹಸಿರು ವಾಂತಿ ಮಾಡಿದೆ. ಹೊಟ್ಟೆ ಮೆತ್ತಗಿದೆ. ಅತ್ತೆ 'ಪಿತ್ತ, ಬಜೆ ತೇಯ್ದು ನೆಕ್ಕಿಸು' ಅನ್ನುತ್ತಾರೆ. ಎರಡು ದಿನ ನೋಡಬಹುದೇ?

ಉತ್ತರ: ಎರಡು ದಿನ ಇರಲಿ, ಎರಡು ಗಂಟೆಯೂ ಬೇಡ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಉತ್ತರ ಅಚ್ಚಾಗುವ ಹೊತ್ತಿಗೆ ಆ ಮಗು ಏನಾಗಿರುತ್ತದೋ ಎಂದು ಪ್ರತಿ ಸಲವೂ ಸಂಕಟವಾಗುತ್ತದೆ.

ಗರ್ಭದಲ್ಲಿ ಕರುಳು ಕೆಲವು ವಾರ ಹೊಕ್ಕುಳಬಳ್ಳಿಯೊಳಗೆ ಬೆಳೆದು, ಸುಮಾರು ಹತ್ತನೇ ವಾರಕ್ಕೆ ಹೊಟ್ಟೆಯೊಳಗೆ ಮರಳುತ್ತದೆ. ಈ ಹಾದಿಯಲ್ಲಿ 270 ಡಿಗ್ರಿ ತಿರುಗಿ, ಹಿಂಗೋಡೆಗೆ ಅಗಲವಾಗಿ ಅಂಟಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಈ ತಿರುವು ಅರ್ಧಕ್ಕೇ ನಿಲ್ಲುತ್ತದೆ. ಆಗ ಕರುಳೆಲ್ಲ ಒಂದು ಕಿರಿದಾದ ತೊಟ್ಟಿನಿಂದ ಜೋತಾಡುತ್ತಿರುತ್ತದೆ. ಸಣ್ಣಕರುಳಿನ ಬಹುಪಾಲಿಗೆ ರಕ್ತ ಒಯ್ಯುವ ಧಮನಿ ಇರುವುದೂ ಆ ತೊಟ್ಟಿನಲ್ಲೇ. ಒದ್ದೆ ಬಟ್ಟೆ ಹಿಂಡಿದಂತೆ ಅದು ತಿರುಚಿಕೊಂಡರೆ ದಾರಿಯೂ ಕಟ್ಟುತ್ತದೆ, ರಕ್ತವೂ ನಿಲ್ಲುತ್ತದೆ. ಕೆಳಗೆ ಇಳಿಯಲಾರದ ಪಿತ್ತರಸ ಮೇಲೆ ಬರುವುದರಿಂದಲೇ ವಾಂತಿ ಹಸಿರು. ಕೆಲವೇ ಗಂಟೆಗಳಲ್ಲಿ ಕರುಳು ಕಪ್ಪಾಗುತ್ತದೆ.

ಹೊಟ್ಟೆ ಮೆತ್ತಗಿದೆ ಎಂದು ಸಮಾಧಾನಪಡಬೇಡಿ. ಮೊದಮೊದಲು ಮೆತ್ತಗೇ ಇರುತ್ತದೆ. ಅದು ಉಬ್ಬಿ, ಮಲದಲ್ಲಿ ರಕ್ತ ಕಾಣುವಷ್ಟರಲ್ಲಿ ನಾವು ತಡವಾಗಿರುತ್ತೇವೆ. ಹಾಲು ಮೊಸರಿನಂತೆ ಕಕ್ಕುವುದು ಬೇರೆ ಮಾತು. ವಾಂತಿ ಹಸಿರಾದರೆ, ಬೇರೆ ಕಾರಣ ಖಚಿತವಾಗುವವರೆಗೂ ಕರುಳು ತಿರುಚಿದೆ ಎಂದೇ ನಾನು ನಂಬುತ್ತೇನೆ. ಪರೀಕ್ಷೆ ಮಾಡಿ ಏನೂ ಇಲ್ಲವೆಂದು ಮನೆಗೆ ಕಳಿಸಿದ ಮಕ್ಕಳಿದ್ದಾರೆ. ಅದಕ್ಕೆ ನನಗೆ ಬೇಸರವಿಲ್ಲ.

ಒಬ್ಬ ತಾಯಿ ಸೆರಗಿನ ತುದಿಯನ್ನೇ ನನ್ನ ಮುಂದೆ ಹಿಡಿದಿದ್ದರು, ಗಿಳಿಹಸಿರು ಕಲೆ. ಅಷ್ಟು ಸಾಕಾಯಿತು. ನೀವೂ ಕಲೆಯಾದ ಬಟ್ಟೆಯನ್ನು ತೊಳೆಯದೆ ತನ್ನಿ. ಬಾಯಿಗೆ ಏನೂ ಹಾಕಬೇಡಿ, ಎದೆಗೆ ಒತ್ತಿಕೊಂಡು ಬೆಚ್ಚಗಿಟ್ಟು, ಮಕ್ಕಳ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೇ ಬನ್ನಿ. ಹತ್ತಿರದಲ್ಲಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ತಿರುಚನ್ನು ಬಿಡಿಸಿ ತೊಟ್ಟನ್ನು ಅಗಲ ಮಾಡುವ ಶಸ್ತ್ರಚಿಕಿತ್ಸೆಯನ್ನು ಬಾಸ್ಟನ್ನಿನ ವಿಲಿಯಂ ಲ್ಯಾಡ್ 1936ರಲ್ಲೇ ವಿವರಿಸಿದ್ದಾರೆ. ವಿದ್ಯೆ ಇದೆ, ಮಗು ಹೊತ್ತಿಗೆ ಸರಿಯಾಗಿ ಕೈಗೆ ಸಿಗಬೇಕು.

ಪ್ರಶ್ನೆ: ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಮಲದ್ವಾರವಿಲ್ಲದ ಮಗು ಹುಟ್ಟಿತೇ?

ಉತ್ತರ: ಇಲ್ಲ. ಆ ಬಾಣಂತಿಯನ್ನು ದೂರುವುದನ್ನು ಇವತ್ತೇ ನಿಲ್ಲಿಸಿ.

ಪ್ರಶ್ನೆ: ಹುಟ್ಟಿ ಎರಡು ದಿನವಾದರೂ ಕಪ್ಪು ಮಲ ಹೋಗಿಲ್ಲ. ಹರಳೆಣ್ಣೆ ಕುಡಿಸಲೇ?

ಉತ್ತರ: ಬೇಡವೇ ಬೇಡ. ನವಮಾಸ ತುಂಬಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ 24 ಗಂಟೆಯೊಳಗೆ ಕಪ್ಪು ಮಲ ಹೋಗುತ್ತದೆ. ತಡವಾದರೆ ಕೆಳಗರುಳಿನಲ್ಲಿ ನರಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದು, ಅದು ಎಣ್ಣೆಗೆ ಬಗ್ಗುವುದಿಲ್ಲ. ಇಂದೇ ತೋರಿಸಿ.

ಪ್ರಶ್ನೆ: ಹೊಟ್ಟೆ ಉಬ್ಬರಕ್ಕೆ ಬರೆ ಹಾಕಿಸಿದರೆ ಗುಣವಾಗುತ್ತದಂತೆ?

ಉತ್ತರ: ಎಳೆಗೂಸಿನ ಚರ್ಮ ಸುಡುವವನು ವೈದ್ಯನಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿದ ಮಗುವಿನ ಹೊಟ್ಟೆಯಲ್ಲಿ, ನಾನು ಕತ್ತಿ ಇಡಬೇಕಾದ ಜಾಗದಲ್ಲೇ, ಸಾಲಾಗಿ ನಾಲ್ಕು ಸುಟ್ಟ ಗೆರೆಗಳನ್ನು ಕಂಡಿದ್ದೇನೆ.