1.5 ಕಿ.ಮೀ. ಫೈಬರ್ ಲಿಂಕ್‌ಗೆ 20 ಕಿ.ಮೀ. ಮೋಡೆಮ್ ಸಾಲುತ್ತಿಲ್ಲ, 80 ಕಿ.ಮೀ.ದು ಹಾಕಲಾ?

ಹಾಕಬೇಡಿ. ನಾನು ಹಾಕಿದ್ದೆ.

ಎರಡು ಗೋಡೌನ್ ನಡುವೆ ಒಂದೂವರೆ ಕಿಲೋಮೀಟರ್, ಎರಡೂ ತುದಿಯ ಮೋಡೆಮ್‌ನಲ್ಲಿ ಹಸಿರು ದೀಪ, ಪಿಂಗ್ (ಆ ತುದಿ ಉತ್ತರ ಕೊಡುತ್ತದಾ ಅಂತ ಕೇಳುವ ಪುಟ್ಟ ಸಂದೇಶ) ಬರುತ್ತದೆ, ದೊಡ್ಡ ಫೈಲ್ ಕಳಿಸಿದರೆ ಮಾತ್ರ ನಿಂತೇ ಹೋಗುತ್ತದೆ ಅಂತ ಬರೆದಿದ್ದೀರಿ. ಓದುತ್ತಾ ಓದುತ್ತಾ ನನಗೆ ಕಬ್ಬಿನ ವಾಸನೆ ಬಂತು.

2014ರ ನವೆಂಬರ್. ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ, ಹೆಸರು ಬೇಡ. ಗೇಟಿನ ಹತ್ತಿರ ಕಬ್ಬು ತೂಗುವ ಕಾಟಾ, ಅಲ್ಲಿಂದ 1.8 ಕಿ.ಮೀ. ಒಳಗೆ ಆಫೀಸು. ಕಾಟಾದಿಂದ ಆಫೀಸಿನ ಸರ್ವರ್‌ಗೆ ಒಂದು ಗಿಗಾಬಿಟ್ ಲಿಂಕ್ ಕೊಡುವ ಕೆಲಸ ನನ್ನದು. ಸ್ವಂತಕ್ಕೆ ಹಿಡಿದ ಎರಡನೇ ಕಾಂಟ್ರಾಕ್ಟ್. 6 ಕೋರ್ (ಆರು ಎಳೆ) ಸಿಂಗಲ್ ಮೋಡ್ ಫೈಬರ್ ಕೇಬಲ್ ಎಳೆಸಿ, ಬೇರೆಯವರನ್ನು ಕರೆಸಿ ಸ್ಪ್ಲೈಸಿಂಗ್ (ಎಳೆ ಬೆಸೆಯುವುದು) ಮಾಡಿಸಿ, ಎರಡೂ ಕಡೆ ಕೇಬಲ್ ಬಂದು ಮುಗಿಯುವ ಎಲ್‌ಐಯು ಡಬ್ಬಿ ಗೋಡೆಗೆ ಹೊಡೆದು, 20 ಕಿ.ಮೀ. ಮೋಡೆಮ್ ಜೋಡಿ ಕೂರಿಸಿದ್ದೆ. ನಾವು ಲೈನಿನಲ್ಲಿ ಇದಕ್ಕೆ ಕನ್ವರ್ಟರ್ ಅಂತಲೇ ಹೇಳೋದು, ನೀವು ಮೋಡೆಮ್ ಅಂದಿದ್ದೀರಿ, ಇರಲಿ. ತಾಮ್ರದ ಕೇಬಲ್‌ನ ಡೇಟಾವನ್ನು ಬೆಳಕು ಮಾಡಿ ಫೈಬರ್‌ಗೆ ಬಿಡುವ, ಬಂದ ಬೆಳಕನ್ನು ಮತ್ತೆ ಡೇಟಾ ಮಾಡುವ ಡಬ್ಬಿ; 20, 80 ಅನ್ನುವುದು ಅದರ ಬೆಳಕು ಎಷ್ಟು ಕಿ.ಮೀ. ಮುಟ್ಟುತ್ತದೆ ಅನ್ನುವ ಲೆಕ್ಕ. ಒಂದು ಎಳೆಯಲ್ಲಿ ಹೋಗುವ ಬೆಳಕು, ಇನ್ನೊಂದರಲ್ಲಿ ಬರುವ ಬೆಳಕು.

ಹಂಗಾಮು ಶುರುವಾಗಲು ಎರಡೇ ದಿನ ಇತ್ತು. ಎಲ್‌ಐಯು ಡಬ್ಬಿಯಿಂದ ಮೋಡೆಮ್‌ಗೆ ಹೋಗುವ ಗಿಡ್ಡ ಫೈಬರ್ ತುಂಡು, ಅಂದರೆ ಪ್ಯಾಚ್ ಕಾರ್ಡ್‌ನ ಮುಚ್ಚಳ ತೆಗೆದೆ, ಬಾಯಿಂದ ಉಫ್ ಅಂತ ಊದಿದೆ, ಅಂಗಿಯ ತುದಿಗೆ ಒರೆಸಿದೆ, ತೂರಿಸಿದೆ. ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪ್‌ನಿಂದ ಪಿಂಗ್ ಕೊಟ್ಟೆ. ನಾಲ್ಕಕ್ಕೆ ನಾಲ್ಕು ಬಂತು. ಮ್ಯಾನೇಜರ್ ಸಾಹೇಬರಿಗೆ ತೋರಿಸಿ ಸಹಿ ಹಾಕಿಸಿಕೊಂಡು ಊರಿಗೆ ಬಂದೆ.

ನನ್ನ ಬ್ಯಾಗಿನಲ್ಲಿ ಎಷ್ಟು ಬೆಳಕು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್ ಇತ್ತು. ಇದನ್ನು ಹೇಳದೇ ಹೋದರೆ ಕಥೆಗೆ ಅರ್ಥವಿಲ್ಲ. ಸಾಲ ಮಾಡಿ ತಗೊಂಡಿದ್ದ ಮೀಟರ್. ಅವತ್ತು ಅದರ ಸೆಲ್ ಸತ್ತಿತ್ತು. ಮೂರು ಪೆನ್ಸಿಲ್ ಸೆಲ್ಲು. ಗೇಟಿನ ಹೊರಗಿನ ಕಿರಾಣಿ ಅಂಗಡಿಯಲ್ಲಿ ಸಿಗುತ್ತಿತ್ತು. ಬಿಸಿಲಲ್ಲಿ ಯಾರು ಹೋಗ್ತಾರೆ, ದೀಪ ಹತ್ತಿದೆಯಲ್ಲ ಅಂದುಕೊಂಡೆ.

ಆ ದೀಪ ಏನು ಹೇಳುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ, ಈಗ ನಿಮಗೂ ಗೊತ್ತಿದ್ದಂತಿಲ್ಲ. ಕಾಟಾ ಮೇಲೆ ಗಾಡಿ ನಿಂತಿದೆ ಅಂತ ಅದು ಹೇಳುತ್ತದೆ. ಎಷ್ಟು ಟನ್ ಅಂತ ಹೇಳುವುದಿಲ್ಲ. ಒಂದು ಮಿತಿಗಿಂತ ಮೇಲೆ ಬೆಳಕು ಬಂದರೆ ಹಸಿರು, ಬರದಿದ್ದರೆ ಇಲ್ಲ, ಅಷ್ಟೇ. ಬೆಳಕಿನ ಅಳತೆ ಡಿಬಿಎಂ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. -8 ಡಿಬಿಎಂ ಬಂದರೂ ಹಸಿರು, -21 ಬಂದರೂ ಅದೇ ಹಸಿರು. ಈ ಎರಡರ ನಡುವೆ 13 ಡಿಬಿ ಫರಕು. ಪ್ರತಿ 3 ಡಿಬಿಗೆ ಬೆಳಕು ಅರ್ಧ ಆಗುತ್ತದೆ, 10 ಡಿಬಿಗೆ ಹತ್ತರಲ್ಲಿ ಒಂದು. 13 ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ದೀಪ ಮಾತ್ರ ಒಂಚೂರೂ ಮಂಕಾಗುವುದಿಲ್ಲ.

ಇನ್ನು ಪಿಂಗ್. ವಿಂಡೋಸ್‌ನಲ್ಲಿ ಸುಮ್ನೆ ಪಿಂಗ್ ಅಂತ ಹೊಡೆದರೆ ಹೋಗುವುದು 32 ಬೈಟ್. ತಲೆ-ಬಾಲ ಎಲ್ಲ ಸೇರಿ ತಂತಿಯ ಮೇಲೆ ಸುಮಾರು 600 ಬಿಟ್. ದೊಡ್ಡ ಫೈಲ್ ಹೋಗುವಾಗ ಒಂದೊಂದು ಪ್ಯಾಕೆಟ್ 12,000 ಬಿಟ್ ಚಿಲ್ಲರೆ. ಬೆಳಕು ಕಡಿಮೆಯಾಗಿ ಲಕ್ಷ ಬಿಟ್‌ಗೆ ಒಂದು ತಪ್ಪು ಬರುತ್ತಿದೆ ಅಂದುಕೊಳ್ಳಿ. ಸಣ್ಣ ಪಿಂಗ್ ನೂರೈವತ್ತು, ನೂರೆಪ್ಪತ್ತು ಹೊಡೆದರೆ ಎಲ್ಲೋ ಒಂದು ಕಳೆದುಹೋಗುತ್ತದೆ. ನಾಲ್ಕೇ ಹೊಡೆದವನಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ದೊಡ್ಡ ಪ್ಯಾಕೆಟ್‌ಗಳಲ್ಲಾದರೆ ಒಂಬತ್ತಕ್ಕೊಂದು ಹಾಳು. ಒಂದು ಬಿಟ್ ತಪ್ಪಿದರೂ ಇಡೀ ಪ್ಯಾಕೆಟ್ ಎಸೆಯುತ್ತಾರೆ, ಮತ್ತೆ ಕಳಿಸಬೇಕು, ಅದೂ ಹಾಳಾದರೆ ಕಾಯಬೇಕು. ಫೈಲ್ ತೆವಳಿ ತೆವಳಿ ಕೊನೆಗೆ ನಿಲ್ಲುತ್ತದೆ. ನಿಮಗೆ ಆಗುತ್ತಿರುವುದು ಇದೇ ಅಂತ ನನಗೆ ಸುಮಾರು ಖಾತ್ರಿ. ಗಿಗಾಬಿಟ್ ಫೈಬರ್ ಲಿಂಕನ್ನು ಲಕ್ಷಕ್ಕೆ ಒಂದು ತಪ್ಪು ಅಂತ ಮಾಡಿರುವುದಿಲ್ಲ, ಲಕ್ಷ ಕೋಟಿ ಬಿಟ್‌ಗೆ ಒಂದು ಅಂತ ಮಾಡಿರುತ್ತಾರೆ. ಅಂದರೆ ಇಡೀ ವೇಗದಲ್ಲಿ ಓಡಿದರೂ ಹದಿನೇಳು ನಿಮಿಷಕ್ಕೊಂದು.

ಹಂಗಾಮಿನ ಮೊದಲ ದಿನ ಸಂಜೆ ಫೋನ್. ತೂಕ ಬರುತ್ತಿದೆ, ಚೀಟಿ ಬರುತ್ತಿಲ್ಲ. ಅಲ್ಲಿನ ಸಾಫ್ಟ್‌ವೇರ್ ಪ್ರತಿ ಗಾಡಿಯ ಎರಡು ಫೋಟೋ ತೆಗೆದು ಆಫೀಸಿಗೆ ಕಳಿಸಿ, ಅಲ್ಲಿ ಸೇವ್ ಆದ ಮೇಲೆಯೇ ಚೀಟಿ ಪ್ರಿಂಟ್ ಮಾಡುತ್ತಿತ್ತು. ತೂಕದ ಅಂಕಿ ಪುಟ್ಟದು, ದಾಟುತ್ತಿತ್ತು. ಫೋಟೋ ದಾಟುತ್ತಿರಲಿಲ್ಲ. ನಾನು ಹೋಗುವಷ್ಟರಲ್ಲಿ ಡಬಲ್ ಟ್ರೇಲರ್ ಟ್ರ್ಯಾಕ್ಟರ್‌ಗಳ ಸಾಲು ಗೇಟು ದಾಟಿ ರಸ್ತೆಗೆ ಹೋಗಿತ್ತು. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಅದು ರೈತರ ದುಡ್ಡು. ಕಿಟಕಿಗೆ ಬಂದ ಒಬ್ಬರು ಕ್ಲರ್ಕ್‌ಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಿಮ್ಮ ಕಂಪ್ಯೂಟರ್‌ಗೆ ಏನಾಗೇತಿ ನಮಗ ಬ್ಯಾಡ್ರಿ, ಚೀಟಿ ಕೊಡ್ರಿ." ಕ್ಲರ್ಕ್ ನನ್ನ ಕಡೆ ನೋಡಿದ. ನಾನು ಹಸಿರು ದೀಪದ ಕಡೆ ನೋಡಿದೆ.

ಆಗಲೂ ಸೆಲ್ ತರಲಿಲ್ಲ ನೋಡಿ! ನಿಮ್ಮ ಹಾಗೆಯೇ ಯೋಚಿಸಿದೆ. ಇದು 20ರದ್ದು, ಶಕ್ತಿ ಸಾಲುತ್ತಿಲ್ಲ, 80ರದ್ದು ತರಿಸೋಣ. ರಾತ್ರೋರಾತ್ರಿ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹಾಕಿಸಿ ತರಿಸಿದೆ. ಮೂರು ಗಂಟೆಗೆ ಕೂರಿಸಿದೆ. ದೀಪ ಹಸಿರು. ಐದು ನಿಮಿಷದಲ್ಲಿ, ಮೊದಲು ಬರುತ್ತಿದ್ದ ಪಿಂಗ್ ಕೂಡ ಬೀಳತೊಡಗಿತು. ಈಗ ತೂಕದ ಅಂಕಿಯೂ ಹೋಗುತ್ತಿಲ್ಲ.

ಬೆಳಗ್ಗೆ ಕಾರ್ಖಾನೆಯವರೇ ಒಬ್ಬರನ್ನು ಕರೆಸಿದರು. ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸಿ ಜೋಡಿಸಿ ನಿವೃತ್ತರಾದವರು. ಸ್ಕೂಟರ್ ನಿಲ್ಲಿಸಿ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ತಮ್ಮಾ, ಎಷ್ಟ್ ಡಿಬಿ ಬರಾಕತ್ತೈತಿ?"

"ಲಿಂಕ್ ಬಂದೈತಿ ಕಾಕಾ."

"ಲಿಂಕ್ ಕೇಳಿಲ್ಲ. ಎಷ್ಟ್ ಡಿಬಿ?"

ನಾನು ಸುಮ್ಮನಾದೆ. ಅವರು ತಮ್ಮ ಮೀಟರ್ ಹಚ್ಚಿ ಓದಿದರು. ಕಾಟಾದಿಂದ ಆಫೀಸಿಗೆ ಬರುವ ಎಳೆಯಲ್ಲಿ -12. ಆಫೀಸಿನಿಂದ ಕಾಟಾಕ್ಕೆ ಹೋಗುವ ಎಳೆಯಲ್ಲಿ +1. ಆ 80 ಕಿ.ಮೀ. ಡಬ್ಬಿಯ ಕಣ್ಣು ತಡೆಯುವುದು ಹೆಚ್ಚೆಂದರೆ -3. ಅದಕ್ಕಿಂತ ಜಾಸ್ತಿ ಬೆಳಕು ಬಿದ್ದರೆ ಅದಕ್ಕೆ ಒಂದೂ ಸೊನ್ನೆಯೂ ಬೇರೆ ಬೇರೆ ಕಾಣುವುದಿಲ್ಲ. ಎದುರು ಬರುವ ಲಾರಿಯ ಹೈಬೀಮ್‌ಗೆ ರಸ್ತೆ ಕಾಣದೇ ಹೋಗುತ್ತದಲ್ಲ, ಅದೇ ಥರ. ಒಂದು ಎಳೆಯಲ್ಲಿ ಬೆಳಕು ಕಡಿಮೆ ಇದ್ದದ್ದಕ್ಕೆ ನಾನು ಎರಡಕ್ಕೂ ಬೆಂಕಿ ಇಟ್ಟಿದ್ದೆ. ಚೆನ್ನಾಗಿದ್ದ ಎಳೆಯೂ ಕೆಟ್ಟಿತು.

ಎರಡು ಎಳೆಗೆ 13 ಡಿಬಿ ವ್ಯತ್ಯಾಸ ಯಾಕೆ? ಕಾಕಾ ಮೊದಲು ಎರಡೂ ಕಡೆ ಮೋಡೆಮ್ ಆಫ್ ಮಾಡಿಸಿದರು. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೂ ಕಣ್ಣಿಗೆ ಹಾನಿ ಮಾಡಬಹುದು, ನೀವೂ ತುದಿಯೊಳಗೆ ಇಣುಕಬೇಡಿ. ಆಮೇಲೆ ಕಾಟಾ ಕಡೆಯ ಎಲ್‌ಐಯು ಬಿಚ್ಚಿ, ಒಳಗೆ ಕೇಬಲ್ ಎಳೆಗೆ ಬೆಸೆದ ಗಿಡ್ಡ ತುಂಡಿನ (ಪಿಗ್‌ಟೇಲ್) ಕನೆಕ್ಟರ್ ಹೊರಗೆ ತೆಗೆದು, ಕೈಯಲ್ಲಿ ಹಿಡಿಯುವ ಪುಟ್ಟ ಸೂಕ್ಷ್ಮದರ್ಶಕಕ್ಕೆ ಸಿಕ್ಕಿಸಿ ನನಗೆ ಕೊಟ್ಟರು. ಬೂದು ಬಣ್ಣದ ಒಂದು ದುಂಡು ಬಿಲ್ಲೆ. ನಡುವೆ ಒಂದು ಚುಕ್ಕೆ ಇರಬೇಕು, ಬೆಳಕು ಓಡುವುದು ಅಲ್ಲಿ. ಆ ಚುಕ್ಕೆಯೇ ಕಾಣಲಿಲ್ಲ. ಅದರ ಮೇಲೆ ಒಂದು ನಾರಿನ ಚೂರು ಅಡ್ಡ ಮಲಗಿತ್ತು, ಸುತ್ತ ಎಣ್ಣೆ ಒರೆಸಿದ ಹಾಗೆ ಒಂದು ಪಸೆ. ಸಿಂಗಲ್ ಮೋಡ್‌ನಲ್ಲಿ ಆ ನಡು ಭಾಗ ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣ. ಕಬ್ಬು ಅರೆಯುವ ಜಾಗದಲ್ಲಿ ಗಾಳಿಯೇ ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಪುಡಿ. ನಾನು ಡಬ್ಬಿಯನ್ನು ಒಂದು ಮಧ್ಯಾಹ್ನ ಪೂರ್ತಿ ತೆರೆದಿಟ್ಟಿದ್ದೆ. ಮೇಲಿಂದ ಊದಿದ್ದು ಬೇರೆ. ಬಾಯಿಯ ಗಾಳಿಯಲ್ಲಿ ಎಂಜಲಿನ ತೇವ ಇರುತ್ತದೆ, ಅದರ ಮೇಲೆ ಧೂಳು ಅಂಟಿಕೊಳ್ಳುತ್ತದೆ. ಅಂಗಿಯಲ್ಲಿ ಬೆವರು.

ನಾರು ಬಿಡದ ಬಟ್ಟೆ, ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದೇ ದಿಕ್ಕಿನಲ್ಲಿ ಒರೆಸು, ಒಣ ಜಾಗದಲ್ಲಿ ಇನ್ನೊಮ್ಮೆ ಒರೆಸು. ಎಲ್ಲ ಕನೆಕ್ಟರ್ ಮುಗಿಯಲು ಅರ್ಧ ಗಂಟೆ. ನನ್ನ ಹಳೆಯ 20 ಕಿ.ಮೀ. ಜೋಡಿ ವಾಪಸ್ ಹಾಕಿದರು. ಎರಡೂ ದಿಕ್ಕಿನಲ್ಲಿ -8 ಚಿಲ್ಲರೆ. ಫೋಟೋ ಸರಸರ ಹೋಯಿತು. ನನ್ನ ಕೊನೆಯ ಬಿಲ್ಲಿನಲ್ಲಿ 18 ಸಾವಿರ ಹಿಡಿದರು, ಮುಂದಿನ ವರ್ಷದ ಕೆಲಸಕ್ಕೆ ಕರೆಯಲಿಲ್ಲ. ಮೂರು ಪೆನ್ಸಿಲ್ ಸೆಲ್ಲಿಗೆ.

ಈಗ ನಿಮ್ಮ ವಿಷಯ. ಎಷ್ಟು ಕಿಲೋಮೀಟರಿನ ಮೋಡೆಮ್ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಯಾವ ಕಂಪನಿಯದು ಅಂತಲೂ ಕೇಳಬೇಡಿ. ಲೆಕ್ಕ ಹಾಕಿ. 1310 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.35 ಡಿಬಿ ಹೋಗುತ್ತದೆ. ನಿಮ್ಮ ಒಂದೂವರೆಗೆ ಅರ್ಧ ಡಿಬಿ. ನಾಲ್ಕು ಸ್ಪ್ಲೈಸ್ ಇದ್ದರೆ ಒಂದಕ್ಕೆ 0.1ರಂತೆ 0.4. ಎರಡೂ ಎಲ್‌ಐಯು ಕನೆಕ್ಟರ್‌ಗೆ ಅರ್ಧ ಅರ್ಧ ಹಿಡಿದರೆ 1. ಎಲ್ಲ ಸೇರಿ 2 ಡಿಬಿ. ಮೋಡೆಮ್ ಬಾಯಲ್ಲಿ -6 ಇದ್ದರೆ ಆ ತುದಿಯಲ್ಲಿ -8ರ ಹತ್ತಿರ ಬರಲೇಬೇಕು. -18 ಬಂದರೆ ಮೋಡೆಮ್‌ದು ತಪ್ಪಲ್ಲ, 10 ಡಿಬಿ ದಾರಿಯಲ್ಲಿ ಎಲ್ಲೋ ಬಿದ್ದಿದೆ. ಅದನ್ನು ಹುಡುಕಿ. ಹುಡುಕದೇ ಜೋರು ಮೋಡೆಮ್ ಹಾಕುವುದು ಟ್ಯಾಂಕ್ ಸೋರುತ್ತಿದ್ದರೆ ದೊಡ್ಡ ಮೋಟರ್ ಹಾಕಿದ ಹಾಗೆ.

ಮೊದಲು ಕನೆಕ್ಟರ್ ನೋಡಿ, ಪ್ಯಾಚ್ ಕಾರ್ಡ್ ಅಷ್ಟೇ ಅಲ್ಲ, ಎಲ್‌ಐಯು ಒಳಗಿನದೂ. ಬಣ್ಣವೂ ನೋಡಿ. ಹಸಿರು ತಲೆಯದರ ತುದಿಯನ್ನು 8 ಡಿಗ್ರಿ ಓರೆ ಉಜ್ಜಿರುತ್ತಾರೆ, ನೀಲಿಯದಕ್ಕೆ ಓರೆ ಇರುವುದಿಲ್ಲ. ಹಸಿರನ್ನು ನೀಲಿಗೆ ತೂರಿಸಿದರೆ ಆರಾಮಾಗಿ ಕೂರುತ್ತದೆ, ಬೆಳಕು ಮಾತ್ರ ಸರಿಯಾಗಿ ದಾಟುವುದಿಲ್ಲ. ಮನೆಗೆ ಫೈಬರ್ ಇಂಟರ್ನೆಟ್ ಹಾಕುವವರು ಬಿಟ್ಟುಹೋದ ಹಸಿರು ಪ್ಯಾಚ್ ಕಾರ್ಡನ್ನು ಎಲ್ಲೆಂದರಲ್ಲಿ ಸಿಕ್ಕಿಸಿದ ಗೋಡೌನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಪವರ್ ಮೀಟರ್. ಎರಡೂ ಎಳೆ, ಎರಡೂ ತುದಿ. ಮೋಡೆಮ್ 1310ರಲ್ಲಿ ಬಿಡುತ್ತಿದ್ದರೆ ಮೀಟರ್ ಕೂಡ 1310ಕ್ಕೇ ಇಡಿ. ಒಂದೇ ಎಳೆಯಲ್ಲಿ ಎರಡೂ ದಿಕ್ಕು ಓಡುವ ಮೋಡೆಮ್ ಆದರೆ ಒಂದು ಕಡೆ 1310, ಇನ್ನೊಂದು ಕಡೆ 1550 ಇರಬಹುದು, ಡಬ್ಬಿಯ ಮೇಲೆ ಬರೆದಿರುತ್ತದೆ. ಸ್ವಚ್ಛ ಮಾಡಿದ ಮೇಲೂ ನಷ್ಟ ಹೋಗದಿದ್ದರೆ ಫೈಬರ್‌ನಲ್ಲಿ ನಷ್ಟ ಎಲ್ಲಿದೆ ಅಂತ ತೋರಿಸುವ ಒಟಿಡಿಆರ್ ಯಂತ್ರ ಇರುವವರನ್ನು ಕರೆಸಿ, 1310 ಮತ್ತು 1550 ಎರಡರಲ್ಲೂ ನೋಡಲು ಹೇಳಿ. 1550ರಲ್ಲಿ ಮಾತ್ರ ನಷ್ಟ ಎದ್ದು ಕಂಡರೆ ಕೇಬಲ್ ಎಲ್ಲೋ ಬಿಗಿಯಾಗಿ ಮಡಚಿಕೊಂಡಿದೆ ಅಂತ ಅರ್ಥ. ಟೈ ಹಾಕಿ ಎಳೆದು ಬಿಗಿದ ಜಾಗದಲ್ಲೇ ಇರುತ್ತದೆ, ನೂರಕ್ಕೆ ತೊಂಬತ್ತು ಸಲ.

ಬೆಳಕು ಸರಿ ಬಂದ ಮೇಲೆ ಡೇಟಾ. ಪಿಂಗ್ ಹೊಡೆಯುವುದಾದರೆ ಗಾತ್ರ 1472 ಇಟ್ಟು, ಸಾವಿರ ಸಲ ಹೊಡೆಯಿರಿ. ಒಂದೂ ಬೀಳಬಾರದು. ಎರಡು ಲ್ಯಾಪ್‌ಟಾಪ್ ಸಿಕ್ಕರೆ ಐಪರ್ಫ್ ಅನ್ನುವ ವೇಗ ಅಳೆಯುವ ಸಾಫ್ಟ್‌ವೇರ್ ಹಾಕಿ ಎರಡೂ ದಿಕ್ಕಿನಲ್ಲಿ ಒಂದು ರಾತ್ರಿ ಓಡಿಸಿ, ಬೆಳಗ್ಗೆ ಸ್ವಿಚ್‌ನಲ್ಲಿ ಸಿಆರ್‌ಸಿ ಎರರ್ (ಹಾಳಾಗಿ ಬಂದ ಪ್ಯಾಕೆಟ್) ಎಣಿಕೆ ನೋಡಿ. ಹಗಲು ಅರ್ಧ ಗಂಟೆ ಓಡಿಸಿ ಮುಗಿಸಬೇಡಿ. ಬೆಳಕೂ ಸರಿ, ಎರರ್ ಕೂಡ ಇಲ್ಲ, ಆದರೂ ನಿಧಾನ ಅಂದರೆ ಆಗ ಫೈಬರ್ ಬಿಡಿ, ಮೋಡೆಮ್‌ನಿಂದ ಸ್ವಿಚ್‌ಗೆ ಹೋಗುವ ತಾಮ್ರದ ಕೇಬಲ್ ಬದಲಿಸಿ ನೋಡಿ. ಅದರ ಒಂದು ಜೋಡಿ ತಂತಿ ಕಟ್ಟಾಗಿದ್ದರೆ ಗಿಗಾಬಿಟ್ 100 ಮೆಗಾಬಿಟ್‌ಗೆ ಇಳಿದು ಕೂತಿರಬಹುದು.

ಕೆಲಸ ಮಾಡಿಕೊಟ್ಟವರನ್ನು ಒಂದು ಮಾತು ಕೇಳಿ: ಒಪ್ಪಿಸುವ ದಿನ ಎಷ್ಟು ಡಿಬಿ ಇತ್ತು ಅಂತ ಬರೆದುಕೊಟ್ಟಿದ್ದೀರಾ? ಕೊಟ್ಟಿಲ್ಲ ಅಂದರೆ ಅವರು ಅಳೆದೇ ಇಲ್ಲ. "ಲಿಂಕ್ ಬಂದಿದೆಯಲ್ಲ ಸರ್" ಅನ್ನುತ್ತಾರೆ. ನಾನೂ ಹಾಗೇ ಅಂದಿದ್ದೆ. ಬಾಕಿ ಬಿಲ್ಲು ಇದ್ದರೆ ಹಿಡಿದುಕೊಳ್ಳಿ, ನನಗೇನೂ ಬೇಜಾರಿಲ್ಲ.

80 ಕಿ.ಮೀ.ದು ಆಗಲೇ ತಗೊಂಡು ಬಿಟ್ಟಿದ್ದೀರಾ? ವಾಪಸ್ ತಗೊಂಡರೆ ಕೊಟ್ಟುಬಿಡಿ. ತಗೊಳ್ಳದಿದ್ದರೆ ಎರಡೂ ದಿಕ್ಕಿಗೆ ಬೆಳಕು ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಿ ಓಡಿಸಬಹುದು, ಅದೂ ಕೊಳೆ ಕಳೆದ ಮೇಲೆ. ನನ್ನ ಜೋಡಿ ಇನ್ನೂ ಅಟ್ಟದ ಮೇಲಿದೆ.

ಸದ್ಯ ನಾಲ್ಕು ಅಂಕಿ ಬೇಕು: ಎರಡೂ ಮೋಡೆಮ್ ಬಾಯಲ್ಲಿ ಎಷ್ಟು, ಎರಡೂ ತುದಿಗೆ ಬಂದು ಮುಟ್ಟಿದ್ದು ಎಷ್ಟು. ಯಾವ ಎಳೆ ಯಾವ ದಿಕ್ಕು ಅಂತ ಬರೆದು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ. ಮೀಟರ್‌ಗೆ ಹೊಸ ಸೆಲ್ ಹಾಕಿಕೊಂಡು ಹೋಗಿ.