ಬಾಗಿಲು ಮುಚ್ಚುವ ಹಬ್ಬ

“ಯಹೂದಿ ಮೂಲದವರು ಅಂತೀರಿ. ನಿಮಗೆ ಅದು ಧರ್ಮವೋ, ಬರೀ ಮನೆತನದ ಗುರುತೋ? ದೇವರನ್ನು ನಂಬುತ್ತೀರಾ?” ಎಂದು ಕೇಳಿದ್ದೀರಿ.

ನಮ್ಮದು ಭಾರತದ ಯಹೂದಿ ಸಮುದಾಯಗಳಲ್ಲೊಂದಾದ ಬೆನೆ ಇಸ್ರೇಲ್ ಮನೆತನ, ಮೂಲ ಕೊಂಕಣದ ಅಲಿಬಾಗ್ ಕಡೆ. ಅಲ್ಲಿ ನಮ್ಮವರು ಗಾಣದ ಕಸುಬಿನವರು. ಶನಿವಾರ ನಮಗೆ ಸಬ್ಬತ್, ಕೆಲಸ ಮಾಡಬಾರದ ವಿಶ್ರಾಂತಿಯ ದಿನ. ಅಂದು ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ‘ಶನಿವಾರ ತೇಲಿ’, ಅಂದರೆ ಶನಿವಾರ ರಜೆಯ ಗಾಣಿಗರು, ಎಂದೇ ಕರೆದರು. ಅಜ್ಜ ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಬಂದರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಪ್ರಾರ್ಥನೆಗೆ ಹೀಬ್ರೂ.

ಆಜಿಗೆ, ಅಂದರೆ ಅಜ್ಜಿಗೆ, ಹೀಬ್ರೂ ಓದಲು ಬರುತ್ತಿರಲಿಲ್ಲ. ನಮ್ಮ ಮುಖ್ಯ ಪ್ರಾರ್ಥನೆ ‘ಶೆಮಾ ಇಸ್ರಾಯೇಲ್’ ಒಂದೇ ಬಾಯಿಪಾಠ. ಆದರೆ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಗಾಜಿನ ಲೋಟಕ್ಕೆ ಅರ್ಧ ನೀರು ಹಾಕಿ, ಮೇಲೆ ಕೊಬ್ಬರಿ ಎಣ್ಣೆ ಸುರಿದು, ಬತ್ತಿ ಇಳಿಬಿಟ್ಟು ದೀಪ ಹಚ್ಚುವುದನ್ನು ಆಕೆ ತಪ್ಪಿಸಿದ್ದು ನಾನು ಕಾಣೆ. ಸಬ್ಬತ್ ಶುಕ್ರವಾರ ಸಂಜೆಯೇ ಶುರು, ಆಮೇಲೆ ದೀಪ ಆರಿಸುವಂತಿಲ್ಲ. ರಾತ್ರಿ ಎಣ್ಣೆ ತೀರಿ ಬತ್ತಿ ನೀರು ಮುಟ್ಟಿದಾಗ ಚಿಟಚಿಟ ಅಂದು ತಾನೇ ಆರುತ್ತಿತ್ತು. ಆ ಸದ್ದಿಗೆ ಕಾಯುತ್ತಾ ನಿದ್ದೆ ಹೋಗುತ್ತಿದ್ದೆ. ಧರ್ಮ ಅಂದರೆ ಇವತ್ತಿಗೂ ನನಗೆ ಮೊದಲು ನೆನಪಾಗುವುದು ಆ ಸದ್ದು.

ಅಪ್ಪ ಹೇಳುತ್ತಿದ್ದ ಕಥೆ ಬೇರೆ. ನಮ್ಮ ಸಮುದಾಯದ ಸ್ಯಾಮ್ಯುಯೆಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕಿದರಂತೆ. ‘ಬನಿ ಇಸ್ರಾಯಿಲ್’ ಅನ್ನುವುದು ಕುರಾನಿನಲ್ಲಿರುವ ಹೆಸರು, ಅದನ್ನು ಕೇಳಿ ಟಿಪ್ಪುವಿನ ತಾಯಿ ಅವರ ಜೀವ ಉಳಿಸಿದಳು ಎಂದು ನಮ್ಮಲ್ಲಿ ಹೇಳುತ್ತಾರೆ. ಬದುಕಿ ಬಂದ ದಿವೇಕರ್ ಹರಕೆಯಂತೆ 1796ರಲ್ಲಿ ಮುಂಬೈಯಲ್ಲಿ ನಮ್ಮವರ ಮೊದಲ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಕಟ್ಟಿಸಿದರು. ಜೀವ ಉಳಿದದ್ದಕ್ಕಿಂತ ಹರಕೆ ತೀರಿಸಿದ್ದನ್ನೇ ಅಪ್ಪ ಒತ್ತಿ ಹೇಳುತ್ತಿದ್ದರು.

‘ಬರೀ ಗುರುತು’ ಅನ್ನುವ ಮಾತು ನನಗೆ ನೋವು ಕೊಡುತ್ತದೆ. ಇಸ್ರೇಲಿಗೆ ಹೋದ ನಮ್ಮವರನ್ನು ಅಲ್ಲಿನ ಧರ್ಮಾಧಿಕಾರಿಗಳು ನೀವು ನಿಜವಾದ ಯಹೂದಿಗಳೇನಾ ಎಂದು ಕೇಳಿದರು. ಹೋರಾಡಿ, ಸಮಾನರೆನಿಸಿಕೊಳ್ಳಲು 1964ರವರೆಗೆ ಕಾಯಬೇಕಾಯಿತು. ಗ್ರಂಥವಿಲ್ಲದೆ, ಗುರುವಿಲ್ಲದೆ ತಲೆತಲಾಂತರ ಶನಿವಾರ ಗಾಣ ನಿಲ್ಲಿಸಿದವರನ್ನು!

ದೇವರಿದ್ದಾನೆಂದು ವಾದಿಸಿ ಗೆಲ್ಲಲು ನನಗೆ ಬಾರದು. ಅಮ್ಮ ತೀರಿಕೊಂಡ ವರ್ಷ ಪ್ರಾರ್ಥನೆ ಪೂರ್ತಿ ಬಿಟ್ಟಿದ್ದೆ. ಸಿಟ್ಟಿತ್ತು. ಆದರೂ ಶುಕ್ರವಾರ ಸಂಜೆಯಾದರೆ ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತಿತ್ತು. ದೀಪದ ಮುಂದೆ ಬಾಯಿ ಬಿಗಿದು ನಿಲ್ಲುತ್ತಿದ್ದೆ, ಅಷ್ಟೆ. ಪ್ರಾರ್ಥನೆ ಯಾವಾಗ ಮತ್ತೆ ಶುರುವಾಯಿತೋ ಗೊತ್ತೇ ಆಗಲಿಲ್ಲ. ನಂಬುತ್ತೀರಾ ಎಂಬ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕ ಉತ್ತರ ನನ್ನಲ್ಲಿಲ್ಲ.

ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ಗೆ ನಮ್ಮ ಹಿರಿಯರು ಇಟ್ಟ ಹೆಸರು ‘ದಾರ್‌ಫಾಳ್ನಿಚಾ ಸಣ್’, ಬಾಗಿಲು ಮುಚ್ಚುವ ಹಬ್ಬ. ಬಿಳಿ ಬಟ್ಟೆ ಉಟ್ಟು, ಉಪವಾಸವಿದ್ದು, ಯಾರ ಸಂಪರ್ಕವೂ ಇಲ್ಲದೆ ಮನೆಯೊಳಗೇ ಇರುತ್ತಿದ್ದರು. ಮರುದಿನ ‘ಶಿಳಾ ಸಣ್’. ಅಂದು ಬಾಗಿಲು ತೆರೆದು ದಾನ ಮಾಡುವುದು, ನೆಂಟರಿಷ್ಟರನ್ನು ನೋಡುವುದು. ಈಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ನಾನೊಬ್ಬಳೇ ಆದರೂ ಬಾಗಿಲು ಮುಚ್ಚುತ್ತೇನೆ, ಫೋನ್ ಆರಿಸುತ್ತೇನೆ. ಕಳೆದ ವರ್ಷ ಮರುದಿನ ಎದುರುಮನೆಯ ಹುಡುಗ ಬಂದು, “ಆಂಟಿ, ನಿನ್ನೆ ಎಷ್ಟು ಸಲ ಬೆಲ್ ಮಾಡಿದೆ, ಯಾಕೆ ತೆಗೀಲಿಲ್ಲ?” ಅಂದ. ಒಳಗೆ ಕರೆದು ಕೂರಿಸಿ, ಕಾಯಿ, ಸಕ್ಕರೆ, ಏಲಕ್ಕಿ ಹಾಕಿ ಕಲಸಿದ ಅವಲಕ್ಕಿ ಕೊಟ್ಟೆ. ಅವನು ತಿನ್ನುತ್ತಾ ಕೇಳಿದ, ನಾನು ಆಜಿಯಿಂದ ಶುರುಮಾಡಿ ಎಲ್ಲ ಹೇಳಿದೆ.